ತಲೆ ಎತ್ತಿ ಕಟ್ಟಿದ ಕುದುರೆ

“ಹಂದಿ ಕಾಯೋಕೂ ಲಾಯಕ್ಕಿಲ್ಲದವನ ಕೈಗೆ ಕುದುರೆ ಕೊಟ್ಟೆನಲ್ಲ, ನನ್ನ ಮೆಟ್ಟಲ್ಲಿ ನಾನೇ ಹೊಡ್ಕೋಬೇಕು,” ಎಂದು ಟ್ರೇನರ್ ಹೇಳಿದ್ದು ಇಡೀ ಲಾಯಕ್ಕೆ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ಗೊರಸು ಕೆರೆಯುತ್ತಿದ್ದವರು ಕೈ ನಿಲ್ಲಿಸಿದರು. ಜೀನು ಹೊತ್ತು ಹೊರಟವರು ಅಲ್ಲೇ ನಿಂತರು. ರೇಸ್ ಕ್ಲಬ್ಬಿನ ಕುದುರೆ ಡಾಕ್ಟರು ಮಾತ್ರ ರಕ್ತ ಮೆತ್ತಿದ ಬೂಟನ್ನು ಹುಲ್ಲಿಗೆ ಒರೆಸಿ, ಪುಸ್ತಕದಲ್ಲಿ ಬರೆದುಕೊಂಡು, “ಎರಡನೇದು,” ಎಂದಷ್ಟೇ ಹೇಳಿ ಮುಂದೆ ಹೋದರು.

ಬೈಸಿಕೊಂಡವನನ್ನು ಎಲ್ಲರೂ ಬಕೆಟ್ ಎಂದೇ ಕರೆಯುತ್ತಿದ್ದರು. ಯಾರಿಗೂ ಬಕೆಟ್ ಹಿಡಿದವನಲ್ಲ. ಕೈಯಲ್ಲಿ ಸದಾ ನೆನೆಸಿದ ಹುಲ್ಲಿನ ಬಕೆಟ್ ಇರುತ್ತಿತ್ತು, ಅಷ್ಟೆ. ಅವನು ನೋಡಿಕೊಳ್ಳುತ್ತಿದ್ದ ಹೆಣ್ಣು ಕುದುರೆಗೆ ಜೋರಾಗಿ ಓಡಿದ ದಿನ ಎದೆಯೊಳಗೆಲ್ಲೋ ಒಡೆದು ಮೂಗಿನಿಂದ ರಕ್ತ ಬರುತ್ತಿತ್ತು. ಒಣಹುಲ್ಲಿನ ಧೂಳು ಅದಕ್ಕೆ ವಿಷ ಎಂದು ತಿಳಿದ ಮೇಲೆ ಒಂದೊಂದು ಹಿಡಿಯನ್ನೂ ನೀರಲ್ಲಿ ಅದ್ದಿಯೇ ಹಾಕುತ್ತಿದ್ದ. ಅವಳನ್ನು ಯಜಮಾನಿ ಎನ್ನುತ್ತಿದ್ದ. “ಯಜಮಾನಿ ಊಟ ಆಯ್ತೇನಪ್ಪಾ?” ಎಂದು ಉಳಿದವರು ಗೇಲಿ ಮಾಡಿದರೆ, “ಅವರದಾಯ್ತು, ಇನ್ನು ನಂದು,” ಎಂದು ತಾನೂ ನಗುತ್ತಿದ್ದ.

ಡಾಕ್ಟರ ಕಣ್ಣೆದುರು ಎರಡು ಸಲ ಮೂಗಲ್ಲಿ ರಕ್ತ ಕಂಡರೆ ಆ ಕುದುರೆ ಮತ್ತೆ ಓಡುವಂತಿಲ್ಲ. ಓಡದ ಕುದುರೆಗೆ ಆ ಲಾಯದಲ್ಲಿ ಹುಲ್ಲೂ ಇಲ್ಲ. ಹಿಂದಿನ ಗೇಟಿಗೆ ಲಾರಿ ಬರುತ್ತಿತ್ತು, ಕುದುರೆ ಹೋಗುತ್ತಿತ್ತು. ಮುಖಕ್ಕೆ ಕಟ್ಟಿದ ಚರ್ಮದ ಪಟ್ಟಿ ಮಾತ್ರ ವಾಪಸು ಬಂದು ಮೊಳೆಗೆ ನೇತುಬೀಳುತ್ತಿತ್ತು. ಯಜಮಾನಿಗೆ ಹೋದ ವರ್ಷವೇ ಒಂದು ಸಲ ಆಗಿಹೋಗಿತ್ತು.

ಅದಕ್ಕೇ ಟ್ರೇನರ್ ಒಂದು ಉಪಾಯ ಕಲಿಸಿದ್ದ. ಓಡಿ ಬಂದ ತಕ್ಷಣ ಹಗ್ಗವನ್ನು ಮೇಲಿನ ಕಬ್ಬಿಣದ ಬಳೆಗೆ ಬಿಗಿದು ತಲೆ ಎತ್ತಿ ಕಟ್ಟಿಬಿಡುವುದು. ತಲೆ ಮೇಲಿದ್ದರೆ ರಕ್ತ ಹೊರಗೆ ಬರುವುದಿಲ್ಲ, ಕುದುರೆಯೇ ನುಂಗಿಕೊಳ್ಳುತ್ತದೆ. ತಪ್ಪಿ ಒಂದು ಹನಿ ಇಳಿದರೆ ಒರೆಸಲು ರಕ್ತದ್ದೇ ಬಣ್ಣದ ಬಟ್ಟೆ. ಡಾಕ್ಟರು ದಾಟಿ ಹೋಗುವವರೆಗೆ, ಹದಿನೈದು ನಿಮಿಷ. ಹಾಗೆ ನಾಲ್ಕು ಸಲ ಕಟ್ಟಿದ್ದು ಬಕೆಟ್‌ನ ಕೈಯೇ. ನಾಲ್ಕು ಸಲವೂ ಅವಳ ಗಂಟಲಲ್ಲಿ ಗೊಳಗೊಳ ಸದ್ದು ಕೇಳುತ್ತ, ಬೇರೆ ಕಡೆ ನೋಡುತ್ತ ನಿಂತಿದ್ದ.

ಈ ಬೆಳಿಗ್ಗೆ ಐದನೇ ಸಲ ಕಟ್ಟಿದಾಗ ಸದ್ದು ಹೆಚ್ಚೇ ಇತ್ತು. ಡಾಕ್ಟರು ಇನ್ನೂ ಮೂರು ಕುದುರೆ ಆಚೆಗಿದ್ದರು. ಅವಳ ಮುಂಗಾಲು ನಡುಗಿತು, ಕಣ್ಣು ಬೆಳ್ಳಗೆ ಹೊರಳಿತು. ಅವನ ಕೈ ಅವನನ್ನೂ ಕೇಳದೆ ಗಂಟು ಬಿಚ್ಚಿತು. ತಲೆ ಧೊಪ್ಪನೆ ಕೆಳಗಿಳಿದು, ಎರಡೂ ಹೊಳ್ಳೆಗಳಿಂದ ನಲ್ಲಿ ತಿರುಗಿಸಿದ ಹಾಗೆ ಸುರಿಯಿತು. ಡಾಕ್ಟರು ಓಡಿ ಬಂದರು.

“ಹಗ್ಗ ಯಾಕೋ ಬಿಚ್ಚಿದೆ?” ಡಾಕ್ಟರು ದೂರವಾದ ಮೇಲೆ ಟ್ರೇನರ್ ಹತ್ತಿರ ಬಂದು ಕೇಳಿದ. “ಬಾಯಿಗೆ ಬೀಗ ಬಿತ್ತಾ? ನಾನು ಕೇಳ್ತಿರೋದು ಕುದುರೇನಲ್ಲ, ನಿನ್ನ.”

ಯಾರೋ ಕಿಸಕ್ಕನೆ ನಕ್ಕರು. ಸವಾರಿ ಮಾಡುವ ಜಾಕಿ ಬಂದು ಬಕೆಟ್‌ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಜಾಕಿ ಅವನ ಅಕ್ಕನ ಗಂಡ. ಇಲ್ಲಿ ಕೆಲಸ ಕೊಡಿಸಿದವನೂ ಅವನೇ.

“ಕೈ ಜಾರ್ತು ಅಂದುಬಿಡೋ. ನಿಮ್ಮಕ್ಕನ ಮುಖ ನೋಡಿಯಾದ್ರೂ.”

“ಲಾರಿ ಎಷ್ಟೊತ್ತಿಗೆ, ಭಾವ?”

“ಮಧ್ಯಾಹ್ನ. ಅದನ್ನ ತಲೆಯಿಂದ ತೆಗಿ. ನಾಳೆ ಬೇರೆ ಕುದುರೆ ಕೊಡ್ತಾರೆ ನಿಂಗೆ. ಮೂಗು ಗಟ್ಟಿ ಇರೋದು.”

‘ಅವಳಿಗೆ ಉಸಿರು ಕಟ್ತಿತ್ತು ಸಾರ್’ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಹಾಗೆಂದಿದ್ದರೆ, ‘ಮೊದಲಿನ ನಾಲ್ಕು ಸಲ ಉಸಿರು ಕಟ್ಟಿರಲಿಲ್ಲವೇನೋ?’ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನನ್ನು ಹಾಗೆ ಕೇಳಲು ಅವನೊಬ್ಬನೇ ಇದ್ದ.

ಅವನು ಬಕೆಟ್ಟನ್ನು ಅವಳ ಮುಂದೆ ನೆಲದ ಮೇಲಿಟ್ಟ. ಏನೂ ಆಗದವಳ ಹಾಗೆ ಅವಳು ಬಾಯಿ ಹಾಕಿದಳು. ತನ್ನದೇ ರಕ್ತ ತೊಟ್ಟಿಕ್ಕಿದ ಹುಲ್ಲನ್ನೂ ಬಿಡದೆ ತಿಂದಳು. ಅವಳ ಕಿವಿಯ ಹಿಂದೆ ಒಮ್ಮೆ ಕೈಯಾಡಿಸಿ, ಯಾರ ಮುಖವನ್ನೂ ನೋಡದೆ ಮುಂದಿನ ಗೇಟಿನ ಕಡೆ ನಡೆದ. “ಲೇ, ನಿನ್ನನ್ನೇ ಕಣೋ ಕೇಳಿದ್ದು,” ಎಂದು ಟ್ರೇನರ್ ಹಿಂದಿನಿಂದ ಕೂಗಿದ. ಅವನು ತಿರುಗಲಿಲ್ಲ. ಹೆಗಲ ಮೇಲೆ ರಕ್ತ ಒರೆಸುವ ಆ ಕೆಂಪು ಬಟ್ಟೆ ಒದ್ದೆಯಾಗಿ ಹಾಗೇ ಇತ್ತು. ಐದು ಸಲದ ರಕ್ತ ಕುಡಿದಿದ್ದರೂ ಅದರಲ್ಲಿ ಒಂದು ಕಲೆಯೂ ಕಾಣುತ್ತಿರಲಿಲ್ಲ.