ಬಿಟ್ಟ ಹಲಗೆ

ಕೊನೆಯ ಅಕ್ಷರ ಬಳಿದು ಫೋಲ್ಟೆಯ್ ಹಿಂದೆ ಸರಿದು ನಿಂತ. ಹೊಸ ಸೇತುವೆಯ ಈಚೆ ತುದಿಯ ಬೋರ್ಡಿನ ಮೇಲೆ ಒಂದೇ ಪದ: ಮೊಸ್ಟ್. ಅವನ ಸ್ಲೊವೀನ್ ಮಾತಿನಲ್ಲಿ ಸೇತುವೆ ಎಂದು. ಹೊಳೆಯಾಚೆಯವರ ಜರ್ಮನ್ನಿನಲ್ಲೂ ಅವೇ ಅಕ್ಷರ, ಅರ್ಥ ಮಾತ್ರ ಸೇಬಿನ ಹೆಂಡ.

"ಒಳ್ಳೇದೇ ಆಯ್ತು," ಅಂದಳು ಮೊಳೆ ಡಬ್ಬಿ ಹಿಡಿದು ನಿಂತಿದ್ದ ತಾಯಿ ಮಿಟ್ಸ್ಕಾ. "ಅವ್ರು ಹೆಂಡ ಅಂತ ಓದ್ಕೋತಾರೆ. ಇದಕ್ಕಾದ್ರೂ ಡಾಂಬರು ಬಳಿಯಲ್ಲ."

"ಹೆಂಡದ ಸೆರಗಲ್ಲಿ ಬಚ್ಚಿಟ್ಕೊಂಡು ಉಳಿಯೋದಾದ್ರೆ ಈ ಬೋರ್ಡೇ ಬೇಡ. ಅವ್ರ ಪದ ರೋಮಿಂದ ಪೀಪಾಯಿ ಜೊತೆ ಬಂದದ್ದು. ನಮ್ದು ಪೂರ್ವದಿಂದ ನಮ್ಮೋರ ಜೊತೆ ನಡ್ಕೊಂಡು ಬಂದದ್ದು. ಹೆಸ್ರು ಒಂದೇ ಆದ್ರೆ ನೆಂಟ್ರಾಗ್ಬಿಡ್ತಾರಾ?"

"ಪಾದ್ರಿ ಹೇಳಿದ್ದನ್ನ ನಂಗೇ ಒಪ್ಪಿಸ್ಬೇಡ. ನಾವಿಲ್ಲಿ ಬಾಳ್ಬೇಕು ಮಗಾ."

ಬಾಳುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದು. ಆಸ್ಟ್ರಿಯಾದ ಈ ಗಡಿ ಕಣಿವೆಯಲ್ಲಿ ಅವನು ಹುಟ್ಟಿದಾಗಿನಿಂದ ಕಲಿತದ್ದು ಅಷ್ಟೇ. ಪ್ರವಾಹ ಹಳೆ ಸೇತುವೆಯನ್ನು ಹೊತ್ತೊಯ್ದ ಮೇಲೆ ತೊಲೆ ಹೊತ್ತು ಹೊಸದು ಕಟ್ಟಿದವನು ಅವನು. ಹಿಂದೆ ಅವನು ಊರಿನ ಹೆಸರನ್ನು ತನ್ನ ಮಾತಿನಲ್ಲಿ ಬರೆದು ನೆಟ್ಟ ಬೋರ್ಡಿಗೆ ಡಾಂಬರು ಬಳಿದವನು ಆಚೆ ದಡದ ಮುದುಕ ರುಡೋಲ್ಫ್. ಅದಕ್ಕೇ ಫೋಲ್ಟೆಯ್ ಸೇತುವೆಯ ಆಚೆ ತುದಿಯಲ್ಲಿ ಬೇಕೆಂದೇ ಒಂದು ಹಲಗೆ ಹಾಕದೆ ಬಿಟ್ಟಿದ್ದ. ದಾಟಲಿ ನೋಡೋಣ, ಮುದುಕ.

ಮುದುಕ ಬಂದೇ ಬಂದ, ಕೈಯಲ್ಲಿ ಸೇಬಿನ ಹೆಂಡದ ಹೂಜಿ ಹಿಡಿದು. ಫೋಲ್ಟೆಯ್ ಸುತ್ತಿಗೆ ಎತ್ತಿಕೊಂಡು ಸೇತುವೆಯ ಉದ್ದಕ್ಕೂ ಧಡಧಡ ನಡೆದ. ಇಬ್ಬರ ನಡುವೆ ಆ ಕಂಡಿ. ಕೆಳಗೆ ನೀರು.

"ಕೆಲ್ಸ ಮುಗಿದ್ಮೇಲೆ ಕಟ್ಟಿದೋನಿಗೆ ಕುಡಿಸ್ಬೇಕಲ್ಲ, ಪದ್ಧತಿ," ಅಂದ ರುಡೋಲ್ಫ್.

"ಮುಗ್ದಿಲ್ಲ. ಕಣ್ಣು ಕಾಣ್ಸಲ್ವಾ?"

"ಕಾಣ್ಸುತ್ತೆ. ಸರಿಯಾಗಿ ನನ್ನ ಕಾಲಿನ ಅಳತೆಗೇ ಬಿಟ್ಟಿದ್ದೀಯ."

"ಡಾಂಬರು ಬಳಿದ ಕೈಯಿಂದ ನಾನು ಕುಡಿಯಲ್ಲ."

ಮುದುಕ ಅಲ್ಲಗಳೆಯಲಿಲ್ಲ. ಬೋರ್ಡಿನ ಕಡೆ ನೋಡಿದ. ತನ್ನ ಹೆಂಡಕ್ಕೆ ಪುಕ್ಕಟೆ ಜಾಹೀರಾತು ಅಂತ ನಕ್ಕು ಹೋಗಿಬಿಡಬಹುದಿತ್ತು. ಆ ನಗುವಿಗಾಗಿಯೇ ಫೋಲ್ಟೆಯ್ ಸುತ್ತಿಗೆಯ ಹಿಡಿ ಬಿಗಿಹಿಡಿದು ಕಾಯುತ್ತಿದ್ದ.

"ಚೆಜ್ ಮೊಸ್ಟ್," ಅಂದ ರುಡೋಲ್ಫ್.

ಸೇತುವೆ ದಾಟಿ. ಅಪ್ಪಟ ಸ್ಲೊವೀನ್. ಹೆಂಡ ಅಂತ ತಿರುಚಲು ಎಲ್ಲೂ ಸಂದಿಲ್ಲ. ಈಚೆ ದಡದಲ್ಲಿ ಮಿಟ್ಸ್ಕಾಳ ಡಬ್ಬಿಯೊಳಗೆ ಮೊಳೆಗಳು ಗಲಗಲ ಅಂದವು.

"ನಮ್ಮಜ್ಜಿ ಹಿಂಗೇ ಕೂಗೋಳು, ಸೇತುವೆ ದಾಟಿ ಮನೆಗೆ ಬಾ ಅಂತ. ನಮ್ಮಪ್ಪ ಆ ಮಾತು ಮನೇಲಿ ಬೇಡ ಅಂದ. ನಾನು ಊರಲ್ಲೇ ಬೇಡ ಅಂದೆ." ಹೂಜಿಯನ್ನು ತನ್ನ ಕಡೆಯ ತೊಲೆಯ ಮೇಲಿಟ್ಟ. "ಈಗ ಏನ್ಮಾಡ್ತೀಯೋ ಮಾಡು."

ಫೋಲ್ಟೆಯ್ ಸುತ್ತಿಗೆ ಕೆಳಗಿಟ್ಟ.

"ನನ್ ಸಿಟ್ಟು ಹೋಗಿಲ್ಲ."

"ಹೋಗೋದೇನ್ ಬೇಡ. ಹಲಗೆ ತಗೊಂಡ್ ಬಾ."

ಅವನು ಹಲಗೆ ತಂದ, ತಾಯಿಯಿಂದ ಮೊಳೆ ಇಸಿದುಕೊಂಡು. ಮಂಡಿಯೂರಿ ಕಂಡಿಗೆ ಅಡ್ಡ ಇಟ್ಟ. ಎದುರಿಂದ ಮುದುಕನೂ ಮಂಡಿಯೂರಿ ಹಲಗೆ ಅಲುಗದಂತೆ ಒತ್ತಿ ಹಿಡಿದ. ಉಗುರಿನ ಸಂದಿಯಲ್ಲಿ ಡಾಂಬರಿನ ಕಪ್ಪು ಇನ್ನೂ ಹಾಗೇ ಇತ್ತು. ಸುತ್ತಿಗೆ ಮೇಲೆದ್ದಾಗಲೂ ಆ ಬೆರಳುಗಳು ಮೊಳೆಯ ಪಕ್ಕದಿಂದ ಕದಲಲಿಲ್ಲ.