ಸಾಹುಕಾರರ ರುಚಿ ಠೇವಣಿ

ನಾಲಿಗೆಯ ರುಚಿಗೂ ತೆರಿಗೆ ಬಿದ್ದ ಮೇಲೆ, ನಮ್ಮಂಥ ಕೂಲಿಯವರ ರುಚಿಯಲ್ಲಿ ಮೂರನೇ ಒಂದು ಪಾಲನ್ನು ಸರ್ಕಾರ ತಿಂಗಳು ತಿಂಗಳೂ ಮುರಿದುಕೊಳ್ಳುತ್ತದೆ. ಸ್ವಂತ ಕಂಪನಿ ಇದ್ದವರು ಮಾತ್ರ ರುಚಿಯನ್ನೆಲ್ಲ ಕಂಪನಿಯ ಹೆಸರಲ್ಲಿ ಠೇವಣಿ ಇಡಬಹುದು. ಅರವತ್ತು ತುಂಬಿದ ದಿನ ಅದು ತೆರಿಗೆಯಿಲ್ಲದೆ ಪೂರ್ತಿ ವಾಪಸ್ ಬರುತ್ತದೆ.

ನಮ್ಮ ಉಪ್ಪಿನಕಾಯಿ ಕಂಪನಿಯ ಸಾಹುಕಾರ ಗುರುಶಾಂತಪ್ಪನವರು ಪ್ರಾಯದಲ್ಲೇ ಎಲ್ಲವನ್ನೂ ಇಟ್ಟುಬಿಟ್ಟಿದ್ದರು. "ನೀವು ಈಗ ಚಪ್ಪರಸ್ರಲೇ. ನಾ ಮುಪ್ಪಿನಾಗ ಚಪ್ಪರಸ್ತೀನಿ" ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದರು. ಆದರೂ ಸಾಹುಕಾರರು ನೆಕ್ಕಿ ನೋಡದೆ ಬಾಟಲಿಗೆ ಮುಚ್ಚಳ ಹಾಕಬಾರದೆಂಬ ಅವರಪ್ಪನ ಕಾಲದ ಪದ್ಧತಿಯನ್ನು ಬಿಡಲಿಲ್ಲ. ದಿನವೂ ಬೆರಳು ಅದ್ದಿ ನೆಕ್ಕಿ, ಏನೂ ತಿಳಿಯದ ನಾಲಿಗೆಯಲ್ಲಿ "ಆಹಾ" ಅನ್ನುತ್ತಿದ್ದರು. ಅಗ್ಗದ ಎಣ್ಣೆ ತರಿಸಿದರು, ಖಾರದ ಪುಡಿಗೆ ಹೊಟ್ಟು ಬೆರೆಸಿದರು. "ಆಹಾ" ಮಾತ್ರ ಬದಲಾಗಲಿಲ್ಲ.

ನಿನ್ನೆ ಅವರಿಗೆ ಅರವತ್ತು ತುಂಬಿತು. ಹೊಸ ಅಂಗಿ ತೊಟ್ಟು ಬಂದು, ಮೊದಲ ರುಚಿ ತಮ್ಮ ಮಾಲಿನದೇ ಆಗಲೆಂದು ಬೆರಳು ಅದ್ದಿ ನೆಕ್ಕಿದರು. ನೆಕ್ಕಿದವರೇ ಥೂ ಎಂದು ಉಗಿದರು.

"ಇದನ್ನ ಪಾಸ್ ಮಾಡಿದಾವ ಯಾವನಲೇ?"

"ನೀವ ರೀ ಸಾವ್ಕಾರ್ರ" ಎಂದಳು ಮಸಾಲೆ ಕಲಸುವ ಫಕೀರವ್ವ. "ದಿನಾ ಆಹಾ ಅಂದಾವ್ರು ನೀವ ಅಲ್ಲೇನ್ರೀ?"

ಬಾಯಿ ಮುಕ್ಕಳಿಸಿದರೂ ಆ ಕಹಿ ಹೋಗಲಿಲ್ಲ. ಊಟಕ್ಕೆ ಕೂತಿದ್ದ ನನ್ನ ಹತ್ತಿರ ಬಂದರು. ನನ್ನ ಬುತ್ತಿಯಲ್ಲಿ ಅವ್ವ ಹಾಕಿದ ನಿಂಬೆ ಉಪ್ಪಿನಕಾಯಿ ಇತ್ತು.

"ಒಂದ್ ಹೋಳು ಕೊಡವಾ. ಇಷ್ಟು ವರ್ಷ ಕಾದೀನಿ."

ನಾನು ಬುತ್ತಿ ಮುಚ್ಚಿ, ಕಂಪನಿಯದೇ ಒಂದು ಬಾಟಲಿಯನ್ನು ಚಮಚದ ಸಮೇತ ಅವರ ಮುಂದಿಟ್ಟೆ.