ಹೆಪ್ಪಿನ ನೆಗಡಿ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಮನೆಗೊಂದು ನೆಗಡಿ ಸಾಕುವುದು ಮೊಸರಿಗೆ ಹೆಪ್ಪು ಉಳಿಸಿಕೊಂಡಷ್ಟೇ ಸಹಜವಾಗಿತ್ತು. ಮನೆಯಲ್ಲೊಂದು ಸಾಧು ನೆಗಡಿ ಇದ್ದರೆ ಊರಲ್ಲಿ ಸುತ್ತುವ ಕೆಟ್ಟ ಜ್ವರ ಹೊಸ್ತಿಲು ತುಳಿಯುತ್ತಿರಲಿಲ್ಲ. ಕಾಶವ್ವನ ಮನೆಯದು ಅವಳ ಅತ್ತೆಯ ಕಾಲದ್ದು. ದಿನಕ್ಕೆ ಎರಡು ಸೀನು, ಅಷ್ಟೇ. ಅದನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಹತ್ತು ಮೂಗು ಸುತ್ತಿದರೆ ನೆಗಡಿ ಕೆಡುತ್ತದೆ ಎಂಬುದು ಅವಳ ಹಟ.

ಆದರೆ ಎದುರುಮನೆಯ ಮೆಹರುನ್ನೀಸಾ ಮಗಳ ಮದುವೆ ಹತ್ತಿರ ಬಂದಾಗ ಬಾಗಿಲಿಗೇ ಬಂದಳು. "ನಮ್ಮನಿ ನೆಗಡಿ ಸತ್ತ ಹೋಗೇತ್ರಿ ಕಾಶವ್ವಾರ. ಮನಿ ತುಂಬ ಬೀಗರು ಬರ್ತಾರ."

ಕಾಶವ್ವ ಮುಖ ಸಿಂಡರಿಸಿಕೊಂಡೇ ಸ್ಟೀಲ್ ಡಬ್ಬಿಯೊಳಗೆ ಸೀನಿ, ಮುಚ್ಚಳ ಬಿಗಿದು ಕೊಟ್ಟಳು.

ಮದುವೆ ಮುಗಿಯಿತು. ಅಷ್ಟರಲ್ಲಿ ಜ್ವರ ವೇಷ ಬದಲಿಸಿಕೊಂಡು ಓಣಿಗೆ ಬಂತು. ಹಳೆಯ ನೆಗಡಿಗಳಿಗೆ ಅದರ ಗುರುತೇ ಹತ್ತಲಿಲ್ಲ. ಪಕ್ಕದ ಮನೆಯವರೆಲ್ಲ ಹಾಸಿಗೆ ಹಿಡಿದಾಗ ಕಾಶವ್ವ ಮೊಮ್ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಮೆಹರುನ್ನೀಸಾಳ ಮನೆಯಲ್ಲಿ ಮಾತ್ರ ಎಲ್ಲರೂ ಆರಾಮ.

ಸಂಜೆ ಅವಳೇ ಬಾಗಿಲು ಬಡಿದು ಡಬ್ಬಿ ನೀಡಿದಳು. "ತಡಾ ಮಾಡಬ್ಯಾಡ್ರಿ. ಹೊಸಾ ಜ್ವರಕ್ಕ ಇದ ಆಗ್ತೈತಿ."

ಕಾಶವ್ವ ಮುಚ್ಚಳ ತೆರೆದು ಮೊಮ್ಮಗಳ ಮೂಗಿಗೆ ಹಿಡಿದಳು, ತನ್ನ ಮೂಗಿಗೂ ಹಿಡಿದಳು. ಇಬ್ಬರಿಗೂ ಮೂರು ಮೂರು ಸೀನು ಬಂದವು.

"ಇದು ನಮ್ಮದಲ್ಲ," ಎಂದಳು ಕಾಶವ್ವ. "ಇದರಾಗ ಏನ ಹಾಕೀದಿ?"

"ನಿಮ್ಮದ ಐತ್ರಿ, ಬೀಗರ ಮೂಗೆಲ್ಲಾ ತಿರುಗಿ ಬಂದೈತಿ," ಎಂದು ಮೆಹರುನ್ನೀಸಾ ನಕ್ಕಳು. "ಮ್ಯಾಲಿನ ಒಂದು ಸೀನು ನಮ್ಮನೀದು. ಮಂದಿ ಡಬ್ಬಿ ಹಂಗ ಹೆಂಗ ತಿರುಗಿ ಕೊಡೂದು?"